ಒಂದು ಒಲೆ, ಒಂದು ಕುಟುಂಬ

ಕುಂದಾಪುರ
೧೦ ಏಪ್ರಿಲ್ ೨೦೨೫

ಚಿ. ಪ್ರೇಕ್ಷಾಳಿಗೆ ಮಾವನ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದರಲ್ಲಿ ಅರ್ಧ ಕೇಳಿಸಿತು, ಉಳಿದರ್ಧ ನಾನೇ ಊಹಿಸಿಕೊಂಡೆ. ಕಿವಿಯ ಯಂತ್ರಕ್ಕೆ ಫೋನು ತಾಗಿಸಿದರೆ ಅದು ಸಿಳ್ಳೆ ಹೊಡೆಯುತ್ತದೆ. ಇನ್ನು ಮೇಲೆ ನಮ್ಮಿಬ್ಬರಿಗೆ ಅಂಚೆಯೇ ಗತಿ. ವಾಟ್ಸಾಪು ಬೇಡ, ನಿನ್ನ ಅತ್ತೆ ಅದನ್ನು ನನಗಿಂತ ಮೊದಲು ಓದುತ್ತಾಳೆ.

ನಿಮ್ಮ ಸಂಸ್ಥೆಯ ಸಮೀಕ್ಷೆ ತ್ರಾಸಿಯ ನಮ್ಮ ತಾಯಿಮನೆಗೂ ಬಂದಿತ್ತು, ಅಂದು ನಾನೂ ಅಲ್ಲಿದ್ದೆ. ಕಡಲು ಕೊರೆಯುತ್ತಿರುವ ದಂಡೆಯ ಮೇಲಿನ ಮನೆಗಳನ್ನು ಹೆಮ್ಮಾಡಿಯ ಒಳಗಿನ ಗುಡ್ಡಕ್ಕೆ ಸಾಗಿಸುತ್ತಾರಂತೆ, ಕುಟುಂಬಕ್ಕೊಂದು ಮನೆಯಂತೆ. ಕುಟುಂಬ ಎಂದರೆ ಯಾವುದು ಎಂಬ ವ್ಯಾಖ್ಯೆ ಬರೆದವಳು ನನ್ನ ಸೊಸೆ, ತಂಗಿಯ ಮಗಳು, ಎಂದು ಬಂದ ಹುಡುಗಿಗೆ ಹೇಳೋಣ ಅಂದುಕೊಂಡೆ. ಜಂಭವಾದೀತೆಂದು ಸುಮ್ಮನಾದೆ.

ಹುಡುಗಿಯ ಹೆಸರು ಶರಣ್ಯಾ, ಬ್ರಹ್ಮಾವರದವಳು. ಅಂಗಳದಲ್ಲೇ ನಿಂತು, "ಎಷ್ಟ್ ಒಲಿ ಇತ್ತ್ ಮಾಮ?" ಎಂದು ಕೇಳಿದಳು. ನಾನು ಹೆಂಡತಿಯ ಊರಾದ ಕುಂದಾಪುರದಲ್ಲಿದ್ದರೂ ಅಲ್ಲಿಯ ಯಜಮಾನ ನಾನೇ ತಾನೆ. ನಮ್ಮಲ್ಲಿ ಮನೆ ಹೆಣ್ಣುಮಕ್ಕಳದ್ದು, ಮಾತು ಮಾತ್ರ ಅಣ್ಣನದ್ದು ಎಂಬುದನ್ನು ನಿನ್ನ ಪುಣೆಯ ಸಹೋದ್ಯೋಗಿಗಳಿಗೆ ತಿಳಿಸಲು ಎಷ್ಟು ಪುಟ ಹಿಡಿಯಿತೋ. "ಒಂದೇ," ಎಂದೆ. ಅವಳು ನನ್ನ ಮಾತಿಗೆ ನಿಲ್ಲಲಿಲ್ಲ. ಹೆಂಗಸರನ್ನು ಬೇರೆಬೇರೆಯಾಗಿ ಕೇಳಬೇಕೆಂದು ನಿಯಮವಂತೆ. ನಿನ್ನ ಅಮ್ಮನನ್ನು ಕೇಳಿದಳು. ಸುಗುಣ ಮೀನು ಕೊಯ್ಯುತ್ತಿದ್ದವಳು ತಲೆಯೆತ್ತದೆ "ಒಂದೇ" ಎಂದಳು. ಹಿಂದಿನ ಜಗಲಿಗೆ ಹೋಗಿ ಸ್ನೇಹಲತಾಳನ್ನು ಕರೆದಳು. ನಿನ್ನ ಚಿಕ್ಕಮ್ಮ ಹೊಗೆಗೆ ಕಣ್ಣೊರೆಸುತ್ತ ಹೊರಬಂದು, "ಒಂದೇ ಮರಾಯ್ತಿ. ಎಷ್ಟ್ ಸಲ ಕೇಂತೆ?" ಎಂದಳು. ಹೊಗೆ ಅವಳ ಒಲೆಯದ್ದೇ. ಅಡುಗೆಮನೆಯ ಒಳಗೆ ಇಣುಕಬಾರದೆಂಬ ನಿಯಮವೂ ಇದೆಯಂತೆ. ಹುಡುಗಿ ಪಾಪ, ಇಣುಕಲಿಲ್ಲ.

ಕ್ರಮಬದ್ಧವಾದ ಸಮೀಕ್ಷೆ. ಹೆಮ್ಮೆಯಾಯಿತು.

ನಿನ್ನ ಮಾವ,
ರಾಜೀವ


ಪುಣೆ
೨೨ ಏಪ್ರಿಲ್ ೨೦೨೫

ಪ್ರೀತಿಯ ಮಾವ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ನಗು ಬಂತು.

ನಮ್ಮ ಮನೆಯಲ್ಲಿ ಎರಡು ಒಲೆಗಳಿವೆ. ಇದು ನಿಮಗೂ ಗೊತ್ತು, ನನಗೂ ಗೊತ್ತು, ದಂಡೆಯ ಮೇಲಿನ ಪ್ರತಿಯೊಬ್ಬರಿಗೂ ಗೊತ್ತು. ಚಿಕ್ಕಪ್ಪ ತೀರಿಕೊಂಡಾಗ ಸೂತಕ ಕಳೆಯುವ ಮೊದಲೇ ಅಮ್ಮ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋದಳು. ಅಂದು ಸಂಜೆಯೇ ಚಿಕ್ಕಮ್ಮ ಹಿಂದಿನ ಜಗಲಿಯಲ್ಲಿ ಮೂರು ಕಲ್ಲಿಟ್ಟು ಬೇರೆ ಗಂಜಿ ಬೇಯಿಸಿದರು. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ. ಅಮ್ಮನಿಗೆ ಏನಾದರೂ ಹೇಳಬೇಕಿದ್ದರೆ ಚಿಕ್ಕಮ್ಮ ಅದನ್ನು ಮಗಳು ಮೋಕ್ಷಿತಾಗೆ ಹೇಳುತ್ತಾರೆ, ಅಮ್ಮನಿಗೆ ಕೇಳಿಸುವ ಹಾಗೆ.

ಈಗ ನಿಮಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ವ್ಯಾಖ್ಯೆಯ ಚರ್ಚೆಯಲ್ಲಿ ಹೆಚ್ಚಿನವರು ರೇಷನ್ ಕಾರ್ಡನ್ನೇ ಅಳತೆಯಾಗಿಡೋಣ ಎಂದರು. ಅದು ಅಗ್ಗ, ಸುಲಭ. ನಾನು ಒಪ್ಪಲಿಲ್ಲ. ಅಳಿಯಸಂತಾನದ ಮನೆಗಳಲ್ಲಿ ಗಂಡನ ಕಾರ್ಡು ಒಂದು ಊರಿನಲ್ಲಿರುತ್ತದೆ, ಹೆಂಡತಿ ಮಕ್ಕಳು ಇನ್ನೊಂದು ಊರಿನಲ್ಲಿರುತ್ತಾರೆ, ಅಕ್ಕತಂಗಿಯರೆಲ್ಲ ಒಂದೇ ಕಾರ್ಡಿನಲ್ಲಿ ಸೇರಿರುತ್ತಾರೆ ಎಂದು ವಾದಿಸಿದೆ. ಒಂದು ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರೇ ಒಂದು ಕುಟುಂಬ ಎಂದು ಬರೆಸಿದೆ. ವಾದವೇನೋ ಶಾಸ್ತ್ರೀಯವಾಗಿಯೇ ಇತ್ತು. ಆದರೆ ಬರೆಯುವಾಗ ನನ್ನ ಕಣ್ಣ ಮುಂದಿದ್ದದ್ದು ಅಮ್ಮ ಮತ್ತು ಚಿಕ್ಕಮ್ಮ. ಇಬ್ಬರಿಗೂ ಒಂದೊಂದು ಮನೆ ಸಿಗಲಿ ಎಂದೇ ಒಲೆಗೆ ಅಷ್ಟು ಪಟ್ಟು ಹಿಡಿದೆ.

ನೀವು ಮೂವರೂ ಸೇರಿ ಒಂದೇ ಎಂದಿದ್ದೀರಿ. ಹೆಂಗಸರನ್ನು ಬೇರೆಯಾಗಿ ಕೇಳುವ ನಿಯಮವೂ ನನ್ನದೇ, ಅಡುಗೆಮನೆಗೆ ಇಣುಕಬಾರದೆಂಬ ನಿಯಮವೂ ನನ್ನದೇ. ಗುಡ್ಡದ ಮೇಲಿನ ಮನೆಗೆ ಎರಡು ಕೋಣೆ, ಒಂದು ಅಡುಗೆಮನೆ. ಅದರೊಳಗೆ ಅವರಿಬ್ಬರನ್ನೂ ಮೋಕ್ಷಿತಾಳನ್ನೂ ಕೂಡಿಹಾಕಿದರೆ ಏನಾದೀತು, ನೀವೇ ಹೇಳಿ.

ನಮ್ಮ ದಂಡೆಯ ಕೆಲಸದಿಂದ ನಾನು ಮೊದಲೇ ಹೊರಗುಳಿದಿದ್ದೇನೆ. ಸ್ವಂತ ಮನೆ ಇರುವ ಕಡೆ ನಾನು ಕೈಯಾಡಿಸುವಂತಿಲ್ಲ. ಜುಲೈ ಕೊನೆಯವರೆಗೆ ಆಕ್ಷೇಪಣೆ ಸಲ್ಲಿಸಬಹುದು. ಇಬ್ಬರೂ ಸಹಿ ಹಾಕಿದರೆ ಸಾಕು. ದಯವಿಟ್ಟು ಹಾಕಿಸಿ.

ಇಂತಿ,
ಪ್ರೇಕ್ಷಾ


ಕುಂದಾಪುರ
೬ ಮೇ ೨೦೨೫

ಚಿ. ಪ್ರೇಕ್ಷಾ,

ನಿನ್ನ ಉಪಕಾರಬುದ್ಧಿ ಅರ್ಥವಾಯಿತು. ಸಹಿ ಹಾಕಿಸಲಾರೆ.

ಒಲೆ ಬೇರೆಯಾಯಿತು ಎಂದು ಯಜಮಾನ ಬಾಯಿಬಿಟ್ಟು ಹೇಳಿದರೆ ಅದು ಮಾಹಿತಿಯಲ್ಲ, ಪಾಲು. ಮನೆಯ ದೈವ ಬೊಬ್ಬರ್ಯನ ಮುಂದೆ ದೀಪ ಹಚ್ಚಿ, ನಾಲ್ಕು ಜನರನ್ನು ಕೂರಿಸಿ ಹೇಳುವ ಮಾತು ಅದು. ಹಿಂದಿನ ಜಗಲಿಯಲ್ಲಿ ಹೊಗೆ ಏಳುವುದನ್ನು ನಾನು ಕಂಡಿಲ್ಲವೆ? ಕಂಡಿದ್ದೇನೆ. ಕಂಡೂ ಹೇಳದೆ ಇದ್ದುದರಿಂದಲೇ ಆ ಮನೆ ಇನ್ನೂ ಒಂದಾಗಿದೆ. ದೈವದ ದೀಪವನ್ನು ಒಂದು ವಾರ ಅಕ್ಕ ಹಚ್ಚುತ್ತಾಳೆ, ಮರುವಾರ ತಂಗಿ. ಇಬ್ಬರೂ ಒಲೆ ಒಂದೇ ಎಂದದ್ದು ನಿನಗೆ ಸುಳ್ಳಾಗಿ ಕಾಣುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಜಗಳ ಇನ್ನೂ ಮುಗಿದಿಲ್ಲ ಎನ್ನುವುದನ್ನು ಅವರು ಹಾಗೆ ಹೇಳುತ್ತಾರೆ. ಪಾಲಾದವರಿಗೆ ಜಗಳ ಯಾಕೆ?

ಇನ್ನು ನಿನ್ನ ಶಾಸ್ತ್ರದ ವಿಷಯ. ಭೂಸುಧಾರಣೆಯ ಕಾಲದಲ್ಲಿ ಕಾಗದದ ಮೇಲೆ ಪಾಲಾದ ಮನೆಗಳನ್ನು ನಾನು ಹುಡುಗನಾಗಿದ್ದಾಗ ಕಂಡಿದ್ದೇನೆ. ಜಮೀನು ಉಳಿಸಲು, ಲೆಕ್ಕಕ್ಕೆ ಮಾತ್ರ ಎಂದುಕೊಂಡು ಬರೆಸಿದರು. ಕೆಲವೇ ವರ್ಷಗಳಲ್ಲಿ ಅಣ್ಣತಮ್ಮಂದಿರು ಒಬ್ಬರ ಬಾವಿಯ ನೀರು ಒಬ್ಬರು ಮುಟ್ಟದಂತಾದರು. ಸರಕಾರ ಅಳೆಯಲು ಹೊರಟರೆ ಜನ ಅಳತೆಗೆ ತಕ್ಕಂತೆ ಬದುಕಲು ಶುರುಮಾಡುತ್ತಾರೆ. ಕೂಡಿ ಉಣ್ಣುವವರಿಗೆ ಒಂದು ಮನೆ, ಮುನಿಸಿಕೊಂಡವರಿಗೆ ಎರಡು ಎಂದರೆ ಮುನಿಸಿಗೆ ಸಬ್ಸಿಡಿ ಕೊಟ್ಟಂತೆ. ಈ ವಾಕ್ಯವನ್ನು ನಿನ್ನ ಮುಂದಿನ ಪ್ರಬಂಧದಲ್ಲಿ ಬಳಸಿಕೋ. ನನ್ನ ಹೆಸರು ಹಾಕಬೇಕಿಲ್ಲ.

ಮಾವ,
ರಾಜೀವ


ಪುಣೆ
೧೯ ಮೇ ೨೦೨೫

ಪ್ರೀತಿಯ ಮಾವ,

ನಿಮ್ಮ ವಾಕ್ಯವನ್ನು ನಮ್ಮ ತಂಡದ ಅನೂಪ್‌ಗೆ ಓದಿ ಹೇಳಿದೆ. ಚೆನ್ನಾಗಿದೆ ಎಂದರು. ಆಮೇಲೆ, "ಹಾಗಾದರೆ ಏನು ಮಾಡೋಣ?" ಎಂದು ಕೇಳಿದರು. ಉತ್ತರ ಹುಡುಕಿ ನಿಮ್ಮ ಕಾಗದವನ್ನು ಮತ್ತೆ ಓದಿದೆ. ಅದರಲ್ಲಿಲ್ಲ.

ವ್ಯಾಖ್ಯೆಯಿಲ್ಲದೆ ಮನೆ ಹಂಚುವುದಕ್ಕಾಗುವುದಿಲ್ಲ. ಹಂಚಿದರೆ ಅದು ಬಲವಿದ್ದವರ ಪಾಲಾಗುತ್ತದೆ. ಯಾವ ಗೆರೆ ಎಳೆದರೂ ಯಾರೋ ಒಬ್ಬರು ಅದರ ಆಚೆ ಬೀಳುತ್ತಾರೆ. ಬೀಳುವವರು ಎಷ್ಟು ಕಡಿಮೆ ಎಂಬುದಷ್ಟೇ ನಮ್ಮ ವಿದ್ಯೆ. ಹೀಗೆಂದು ನನಗೆ ಮೊದಲು ಕಲಿಸಿದವರು ನೀವೇ, ಪಿಯುಸಿಯಲ್ಲಿದ್ದಾಗ, ನಿಮ್ಮ ಮನೆಯ ಜಗಲಿಯಲ್ಲಿ.

ನೀವು ಮರ್ಯಾದೆಯ ಕಡೆ ನಿಂತು ಮಾತಾಡುತ್ತಿದ್ದೀರಿ. ನನ್ನ ಚಿಂತೆ ಬೇರೆ. ಮನೆ ಒಂದೇ ಬಂದರೆ ಅದು ಹಿರಿಯವಳಾದ ಅಮ್ಮನ ಹೆಸರಿಗೆ ಬರುತ್ತದೆ. ಚಿಕ್ಕಮ್ಮ ಅಕ್ಕನ ಹೆಸರಿನ ಮನೆಗೆ ಹೆಜ್ಜೆ ಇಡುವವರಲ್ಲ. ಅವರಿಗೆ ಗಂಡನಿಲ್ಲ, ಮಗಳ ಓದು ಇನ್ನೂ ಮುಗಿದಿಲ್ಲ. ಸಾಮಾನು ಸಾಗಿಸಿದ ಮರುದಿನವೇ ದಂಡೆಯ ಮನೆಯನ್ನು ಕೆಡವುತ್ತಾರೆ. ಅವರು ಎಲ್ಲಿಗೆ ಹೋಗಬೇಕು?

ಪ್ರೇಕ್ಷಾ


ಕುಂದಾಪುರ
೧೪ ಜುಲೈ ೨೦೨೫

ಚಿ. ಪ್ರೇಕ್ಷಾ,

ಬಹಳ ದಿನ ಬರೆಯಲಿಲ್ಲ. ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಬರೆಯೋಣ ಎಂದಿದ್ದೆ.

ಈ ಸಲದ ಮಳೆಗೆ ಕಡಲು ಮನೆಯ ಎದುರಿನ ತೆಂಗಿನ ಮರಗಳನ್ನೆಲ್ಲ ಎಳೆದುಕೊಂಡಿತು. ಉಪ್ಪುನೀರು ಅಂಗಳಕ್ಕೆ ಬಂದು ಬಾವಿಗೂ ಇಳಿದಿದೆ. ಕಳೆದ ವಾರ ಸ್ನೇಹಲತಾ ಬಸ್ಸು ಹತ್ತಿ ಒಬ್ಬಳೇ ನಮ್ಮ ಮನೆಗೆ ಬಂದಳು. ಚಾ ಕುಡಿಯಲಿಲ್ಲ. ಬಾಗಿಲಲ್ಲೇ ನಿಂತು, "ಅಣ್ಣಾ, ಎರಡ್ ಒಲಿ ಅಂತ ಬರ್ಸ್. ನಂಗ್ ಅಲ್ಲ, ನನ್ ಹೆಣ್ಣಿನ ತಲಿ ಮೇಲೆ ಒಂದ್ ಮಾಡ್ ಬೇಕ್," ಎಂದಳು. ಕಿವಿಗೆ ಯಂತ್ರ ಹಾಕಿರಲಿಲ್ಲ, ಆದರೂ ಪೂರ್ತಿ ಕೇಳಿಸಿತು.

ಮರುದಿನ ತ್ರಾಸಿಗೆ ಹೋದೆ. ಸುಗುಣಳಿಗೆ ವಿಷಯ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು. "ಅವ್ಳೇ ಹೇಳ್ಳಾ?" ಹೌದು ಎಂದೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದಳು. ಆಮೇಲೆ ಇಬ್ಬರೂ ಬೊಬ್ಬರ್ಯನಿಗೆ ತಪ್ಪುಕಾಣಿಕೆ ಇಟ್ಟರು, ಒಬ್ಬಳು ಒಳಹೋಗಿ ಬಂದ ಮೇಲೆ ಇನ್ನೊಬ್ಬಳು. ನಾನೂ ಇಟ್ಟೆ. ವಾದದಲ್ಲಿ ನೀನು ಗೆದ್ದೆ ಎಂದು ತಿಳಿಯಬೇಡ. ಸೋತವರು ಯಾರೆಂದು ಮಾತ್ರ ಗೊತ್ತಾಯಿತು.

ಮುಂದಿನ ತಿಂಗಳು ತಾಲೂಕು ಕಚೇರಿಯಿಂದ ಸ್ಥಳತನಿಖೆಗೆ ಬರುತ್ತಾರಂತೆ.

ಮಾವ


ಪುಣೆ
೨೫ ಜುಲೈ ೨೦೨೫

ಪ್ರೀತಿಯ ಮಾವ,

ಓದಿ ಸಮಾಧಾನವಾಯಿತು, ಸಂಕಟವೂ ಆಯಿತು. ತನಿಖೆಯ ಬಗ್ಗೆ ನಾನು ಏನೂ ಹೇಳುವಂತಿಲ್ಲ. ಮನೆ ದಿನವೂ ಹೇಗಿರುತ್ತದೋ ಹಾಗೆಯೇ ಇರಲಿ, ಯಾವ ವೇಷವೂ ಬೇಡ. ಇಷ್ಟು ಹೇಳುವುದಕ್ಕೆ ಅಡ್ಡಿಯಿಲ್ಲ ಅಂದುಕೊಳ್ಳುತ್ತೇನೆ. ಎರಡು ಒಲೆಗಳು ಇದ್ದೇ ಇವೆಯಲ್ಲ, ನೋಡಿದವರಿಗೆ ಕಂಡೇ ಕಾಣುತ್ತವೆ.

ಪ್ರೇಕ್ಷಾ


ಕುಂದಾಪುರ
೨೧ ಆಗಸ್ಟ್ ೨೦೨೫

ಚಿ. ಪ್ರೇಕ್ಷಾ,

ತನಿಖೆ ಮುಗಿಯಿತು. ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ. ಓದಿ ಮುಗಿಸುವವರೆಗೆ ಸಿಟ್ಟು ಮಾಡಿಕೊಳ್ಳಬೇಡ.

ನಾನು ಹಿಂದಿನ ಕಾಗದ ಬರೆದ ಮರುದಿನವೇ ಸ್ನೇಹಲತಾಳಿಗೆ ಇಲಿಜ್ವರ ಬಂದಿತ್ತು. ನಿನಗೆ ತಿಳಿಸಬಾರದೆಂದು ನಿನ್ನ ಅಮ್ಮ ಕಟ್ಟಪ್ಪಣೆ ಮಾಡಿದ್ದಳು. ಕುಂದಾಪುರದ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಳು, ಏಳುವ ತ್ರಾಣವಿರಲಿಲ್ಲ. ಅಧಿಕಾರಿ ಬಂದದ್ದು ಆಗ. ಚಿಕ್ಕ ಪ್ರಾಯದವರು, ಸೌಮ್ಯ ಸ್ವಭಾವ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಸುಗುಣಳ ಒಲೆ ಉರಿಯುತ್ತಿತ್ತು. ಹಿಂದಿನ ಜಗಲಿಗೆ ಕರೆದೊಯ್ದು ಇನ್ನೊಂದನ್ನು ತೋರಿಸಿದೆ. ಅದರ ಬೂದಿಯಲ್ಲಿ ಬೆಕ್ಕು ಮಲಗಿತ್ತು.

ಅವರು ಬೆಕ್ಕನ್ನು ನೋಡಿದರು, ನನ್ನನ್ನು ನೋಡಿದರು. ಏನೋ ಬರೆದುಕೊಂಡು ಅಂಗಳಕ್ಕೆ ಇಳಿದರು. ನಾನು ಸುಗುಣಳ ಹತ್ತಿರ ಹೋಗಿ, ಎರಡು ಕೊಳ್ಳಿ ತಂದು ಆ ಒಲೆಗೂ ಹಾಕು, ಅವರು ಇನ್ನೊಮ್ಮೆ ನೋಡಲಿ ಎಂದು ಪಿಸುಗುಟ್ಟಿದೆ. ನಾನು ಪಿಸುಗುಟ್ಟಿದ್ದೇನೆಂದು ನನಗೆ ಅನ್ನಿಸಿತ್ತು. ಅಂಗಳದಲ್ಲಿದ್ದ ಅಧಿಕಾರಿ ತಿರುಗಿ ನೋಡಿದಾಗಲೇ ನನ್ನ ದನಿ ಎಷ್ಟಿತ್ತೆಂದು ತಿಳಿದದ್ದು. ಮೂವತ್ತು ವರ್ಷ ಕಾಲೇಜಿನಲ್ಲಿ ಸತ್ಯಶೋಧನೆಯ ಕ್ರಮವನ್ನು ಪಾಠ ಮಾಡಿದ ಮುದುಕ ಹೀಗೆ ಸಿಕ್ಕಿಬಿದ್ದ.

ಸುಗುಣ ಮಾತ್ರ ಅಲುಗಲಿಲ್ಲ. "ಅವ್ಳ್ ಒಲಿಗೆ ನಾ ಕೈ ಹಾಕುದಿಲ್ಲ," ಎಂದಳು. "ಇಷ್ಟ್ ವರ್ಷ ಹಾಕ್ಲಿಲ್ಲ. ಈಗ ಇವ್ರ್ ಬಂದ್ರ್ ಅಂದೇಳಿ ಹಾಕ್ಕಾ?"

ಅಧಿಕಾರಿ ಮತ್ತೆ ಮೆಟ್ಟಿಲು ಹತ್ತಿ ಬಂದರು. "ಹಾಗಾದ್ರೆ ಅವರಿಗೆ ಊಟ ಎಲ್ಲಿಂದಮ್ಮ?"

"ನಾ ಕೊಡ್ತೆ, ಅವ್ಳಿಗೂ ಮೋಕ್ಷಿತಾಗೂ. ಜ್ವರ ಬಂದವ್ಳಿಗೆ ಗಂಜಿ ಕೊಡ್ದೇ ಇಪ್ಪುಕ್ ಆತ್ತಾ?"

"ಎಷ್ಟು ದಿನದಿಂದ?"

"ಬಿದ್ದಲ್ಲಿಂದ್ಲೂ. ತಿಂಗ್ಳ್ ಮೇಲಾಯ್ತ್, ಆಸ್ಪತ್ರಿಗೂ ನಾನೇ ಕೊಟ್ಟ್ ಕಳ್ಸಿದ್ದ್."

ಒಳಕೋಣೆಯಿಂದ ಸ್ನೇಹಲತಾ ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದಳು. "ನಾವ್ ಬೇರೆಯೇ, ಸ್ವಾಮಿ! ಅವ್ಳಿಗೂ ನಂಗೂ ಮಾತಿಲ್ಲ! ಬೇಕಾರೆ ಊರಲ್ ಕೇಣಿ!"

ಅಧಿಕಾರಿಯ ಕೈಯಲ್ಲಿ ನಿನ್ನ ವ್ಯಾಖ್ಯೆಯ ಪ್ರತಿ ಇತ್ತು. ಕಳೆದ ಒಂದು ತಿಂಗಳಿನಿಂದ ಒಂದು ಒಲೆಯಲ್ಲಿ ಬೆಂದದ್ದನ್ನು ಉಣ್ಣುತ್ತಿರುವವರು ಒಂದು ಕುಟುಂಬ. ಅವರು ನನಗದನ್ನು ಓದಿ ಹೇಳಿದರು, ದೊಡ್ಡ ದನಿಯಲ್ಲಿ, ಪಾಪ. ಆಕ್ಷೇಪಣೆ ತಿರಸ್ಕೃತವಾಗಿದೆ.

ನಿನ್ನ ಚಿಕ್ಕಮ್ಮ ಈಗ ಗುಣವಾಗಿದ್ದಾಳೆ. ಎದ್ದ ದಿನವೇ ಬೆಕ್ಕನ್ನು ಓಡಿಸಿ ತನ್ನ ಒಲೆ ಹೊತ್ತಿಸಿದಳು.

ಮಾವ,
ರಾಜೀವ


ಪುಣೆ
೭ ಸೆಪ್ಟೆಂಬರ್ ೨೦೨೫

ಪ್ರೀತಿಯ ಮಾವ,

ಒಂದು ತಿಂಗಳು ಎಂದು ಬರೆದವಳೂ ನಾನೇ. ಸಮೀಕ್ಷೆಯ ದಿನಕ್ಕೆಂದು ದಿಢೀರನೆ ಒಲೆ ಹೂಡುವವರನ್ನು ತಡೆಯಲು ಅದು ಬೇಕಿತ್ತು. ಕಾಯಿಲೆ ಬಿದ್ದವರಿಗೆ ಗಂಜಿ ಕೊಡುವವರು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಸಂಸ್ಥೆಯಲ್ಲಿ ಎಲ್ಲವನ್ನೂ ತೆರೆದು ಹೇಳಿದೆ. ಇದು ನನ್ನ ಮನೆ, ಇವರು ನನ್ನ ತಾಯಿ ಮತ್ತು ಚಿಕ್ಕಮ್ಮ, ಆದ್ದರಿಂದ ನನ್ನ ಮಾತಿಗೆ ತೂಕ ಕೊಡಬೇಡಿ, ಆದರೂ ಕೇಳಿ ಎಂದೆ. ಅನಾರೋಗ್ಯದ ಕಾಲದ ಊಟವನ್ನು ಎಣಿಸಬಾರದು ಎಂಬ ಒಂದು ಸಾಲು ಸೇರಿಸೋಣ ಎಂದೆ. ಅನೂಪ್ ಸಮಾಧಾನದಿಂದ ಕೇಳಿದರು. "ಹಾಗೆ ಸೇರಿಸಿದರೆ ಹಬ್ಬದ ಊಟ, ಬಾಣಂತನದ ಊಟ, ಕೆಲಸವಿಲ್ಲದ ತಿಂಗಳ ಊಟ ಎಲ್ಲವನ್ನೂ ಬಿಡಬೇಕಾಗುತ್ತದೆ. ಕೊನೆಗೆ ಅಳೆಯಲು ಏನೂ ಉಳಿಯುವುದಿಲ್ಲ," ಎಂದರು. ಅವರ ಸ್ಥಾನದಲ್ಲಿ ನಾನಿದ್ದರೂ ಹಾಗೆಯೇ ಹೇಳುತ್ತಿದ್ದೆ. ಮುಂದಿನ ಹಂತದ ಊರುಗಳಿಗೆ ಪರಿಶೀಲಿಸೋಣ ಎಂದು ಟಿಪ್ಪಣಿ ಬರೆದರು. ತ್ರಾಸಿಗೆ ಅದು ಅನ್ವಯಿಸುವುದಿಲ್ಲ.

ಮಾವ, ಅಧಿಕಾರಿ ತಪ್ಪು ಮಾಡಿದ್ದರೆ ನಾನು ಜಗಳವಾಡಬಹುದಿತ್ತು. ಅವರು ಬರೆದದ್ದು ಸರಿ. ಅಮ್ಮ ತಂಗಿಗೆ ಉಣಿಸಿದಳು, ಅವರಿಬ್ಬರು ಒಂದು ಕುಟುಂಬ. ನನ್ನ ವ್ಯಾಖ್ಯೆ ನಮ್ಮ ಮನೆಯನ್ನು ಸರಿಯಾಗಿಯೇ ಅಳೆಯಿತು, ಚಿಕ್ಕಮ್ಮನಿಗೆ ಮನೆ ಇಲ್ಲದಂತೆ ಮಾಡಿತು. ಆ ಸಭೆ ಮುಗಿಸಿ ಬಂದು ಬಹಳ ಹೊತ್ತು ಅತ್ತೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಈಗಲೂ ತಿಳಿಯುತ್ತಿಲ್ಲ.

ಚಿಕ್ಕಮ್ಮ ಏನು ಹೇಳುತ್ತಾರೆ? ಬಾಡಿಗೆಯ ಕೋಣೆ ಹುಡುಕುವುದಾದರೆ ನಾನು ಹಣ ಕಳಿಸುತ್ತೇನೆ. ನನ್ನ ಹಣವೆಂದು ಹೇಳಬೇಡಿ.

ಪ್ರೇಕ್ಷಾ


ಕುಂದಾಪುರ
೧೮ ಜನವರಿ ೨೦೨೬

ಚಿ. ಪ್ರೇಕ್ಷಾ,

ನಿನ್ನ ಸೆಪ್ಟೆಂಬರಿನ ಕಾಗದಕ್ಕೆ ಉತ್ತರ ಬರೆಯದ್ದಕ್ಕೆ ಕಾರಣ ಹೇಳಲೇಬೇಕು. ಬರೆಯಲು ಕೂತಾಗಲೆಲ್ಲ ವಾದ ಹುಟ್ಟುತ್ತಿತ್ತು. ಈ ವಿಷಯದಲ್ಲಿ ನನಗೆ ವಾದ ಸಾಕಾಗಿದೆ.

ನಿನ್ನ ಚಿಕ್ಕಮ್ಮ ನೀನು ಹೇಳಿದಂತೆಯೇ ಹಠ ಹಿಡಿದಳು. ಹೆಮ್ಮಾಡಿಯ ಮನೆಗೆ ಕಾಲಿಡುವುದಿಲ್ಲ ಎಂದಳು. ಮೋಕ್ಷಿತಾಳ ಕಾಲೇಜಿನ ಹತ್ತಿರ ಒಂದು ಕೋಣೆ ನೋಡಿ ಮುಂಗಡ ಕೊಡಲು ನನ್ನನ್ನು ಕರೆದಳು. ನಾನು ಹೋದೆ. ಒಂದೇ ಕಿಟಕಿ, ಅದೂ ಗೋಡೆಗೆ ಮುಖಮಾಡಿದ್ದು. ಇಷ್ಟು ಸಾಕು ಅಣ್ಣ ಎಂದಳು. ಮುಂಗಡ ಕೊಟ್ಟು ಬಂದೆ.

ಸುಗುಣಳಿಗೆ ನಾನು ಕೋಣೆಯ ವಿಷಯ ಹೇಳಿರಲಿಲ್ಲ. ಯಾರು ಹೇಳಿದರೋ. ಸಾಮಾನು ಸಾಗಿಸುವ ದಿನ ಟೆಂಪೋ ಬಂದು ನಿಂತಿತು. ಸುಗುಣ ತನ್ನ ಪಾತ್ರೆ ಹಾಸಿಗೆಗಳನ್ನು ಹಾಕಿಸಿದಳು. ಆಮೇಲೆ ಹಿಂದಿನ ಜಗಲಿಗೆ ಹೋಗಿ, ಸ್ನೇಹಲತಾ ಕಟ್ಟಿಟ್ಟಿದ್ದ ಗಂಟುಗಳನ್ನು ಒಂದೊಂದಾಗಿ ಎತ್ತಿ ಅದೇ ಟೆಂಪೋಕ್ಕೆ ಹಾಕಿದಳು. ಸ್ನೇಹಲತಾ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು, ತಡೆಯಲಿಲ್ಲ. "ಮೋಕ್ಷಿತಾ, ನಮ್ ಚಾಪಿ ಒಳ್ಗೇ ಉಳ್ದಿತ್ತ್," ಎಂದು ಮಗಳಿಗೆ ಜೋರಾಗಿ ಹೇಳಿದಳು ಅಷ್ಟೆ. ಸುಗುಣ ಒಳಗೆ ಹೋಗಿ ಚಾಪೆಯನ್ನೂ ತಂದಳು.

ನಿನ್ನೆ ಹೆಮ್ಮಾಡಿಗೆ ಹೋಗಿ ಬಂದೆ. ಮನೆ ಚಿಕ್ಕದು, ಗಾಳಿ ಚೆನ್ನಾಗಿದೆ, ಕಡಲು ಕಾಣುವುದಿಲ್ಲ. ಅಲ್ಲಿ ಸೌದೆ ಒಲೆಗೆ ಜಾಗವಿಲ್ಲ. ನಿನಗೆ ಕಾಗದ ಬರೆಯುತ್ತೇನೆ, ಏನಾದರೂ ಹೇಳುವುದಿದೆಯೆ ಎಂದು ನಿನ್ನ ಅಮ್ಮನನ್ನು ಕೇಳಿದೆ. ಕೂತು ಹೇಳಿದಳು. ನಾನು ಒಂದಕ್ಷರವನ್ನೂ ತಿದ್ದಿಲ್ಲ.

"ಮಗಾ, ಇಲ್ ಗ್ಯಾಸ್ ಒಂದೇ. ಅದಕ್ಕ್ ಎರಡ್ ಉರಿ ಇತ್ತ್. ಬಾಗ್ಲ್ ಬದಿದ್ ಅವ್ಳದ್ದ್, ಗ್ವಾಡಿ ಬದಿದ್ ನಂದ್. ನಾ ಅವ್ಳದ್ದ್ ಮುಟ್ಟುದಿಲ್ಲ, ಅವ್ಳ್ ನಂದ್ ಮುಟ್ಟುದಿಲ್ಲ. ಮಾತೂ ಇಲ್ಲ. ಇದ್ನ್ ನಿನ್ ಆಫೀಸಲ್ ಎಲ್ಲೂ ಬರಿಬೇಡ. ಅನ್ನ ಉಕ್ಕಿರೆ ಮಾತ್ರ, ಯಾರ್ ಕಂಡ್ರೋ ಅವ್ರ್ ಉರಿ ಸಣ್ಣ ಮಾಡುದ್."

ಮಾವ,
ರಾಜೀವ